ಗುಡ್ಡದ ಮೇಲಿನ ಚುಕ್ಕೆ, ಸಮುದ್ರದ ಸೊನ್ನೆ

ಮಳೆಗಾಲ ಮುಗಿದು ಕರಾವಳಿಯ ಗುಡ್ಡಗಳ ಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ಕಾಲ್ನಡಿಗೆಯವರ ಋತು ಆರಂಭವಾಗುತ್ತದೆ. ಗೋಕರ್ಣದಿಂದ ಕುಮಟೆಯ ಕಡೆಗೆ ಕಡಲಂಚಿನಲ್ಲೇ ಏರಿಳಿಯುತ್ತ ಸಾಗುವ ಕಾಲುದಾರಿ, ಕಾರವಾರದ ಸುತ್ತಲಿನ ಗುಡ್ಡಗಳು, ದಕ್ಷಿಣಕ್ಕೆ ಬಂದರೆ ಬೋಳು ಪದವುಗಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟದ ನೀಲಿ ಸಾಲು. ಕಾಲಡಿಗೆ ಚಿರೇಕಲ್ಲಿನ ಹಾಸು, ಬದಿಗೆ ಕೌಳಿ ಮಟ್ಟಿ, ಕೇಪಳ, ಗೇರು.

ಇಂಥ ದಾರಿಯಲ್ಲಿ ಪೊದೆಯ ನಡುವೆ ಕಾಲಿಗೆ ಎಡವುವ ಕಲ್ಲು ಕೆಲವೊಮ್ಮೆ ಸಾಮಾನ್ಯ ಕಲ್ಲಾಗಿರುವುದಿಲ್ಲ. ಅದರ ಮೇಲೆ ಉಳಿಯಿಂದ ಕೊರೆದ ವೃತ್ತ, ವೃತ್ತದ ನಡುವೆ ಒಂದು ಚುಕ್ಕೆ ಇರಬಹುದು. ಅಥವಾ ಪುಟ್ಟ ಚೌಕ ಗುರುತಿನ ಜೊತೆ ಜಿ.ಟಿ.ಎಸ್. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರಬಹುದು. ನಿಧಿಯ ಗುರುತೇ? ಯಾರದೋ ಜಮೀನಿನ ಗಡಿಯೇ? ಎರಡೂ ಅಲ್ಲ. ಇಡೀ ದೇಶವನ್ನು ಅಳೆದ ‘ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ’, ಅಂದರೆ ಮಹಾ ತ್ರಿಕೋನಮಿತಿ ಸರ್ವೆಯ ಗುರುತು ಅದು.

ಯಾವ ಕಲ್ಲು ಯಾರದು?

ಗುಡ್ಡಗಾಡಿನಲ್ಲಿ ಕಾಣುವ ನೆಟ್ಟ ಕಲ್ಲುಗಳೆಲ್ಲ ಒಂದೇ ಜಾತಿಯವಲ್ಲ. ರೈತರಿಗೆ ಚೆನ್ನಾಗಿ ಗೊತ್ತಿರುವುದು ಬಾಂದು ಕಲ್ಲು. ಸರ್ವೆ ನಂಬರುಗಳ ಗಡಿಯನ್ನು ತೋರಿಸಲು ಕಂದಾಯ ಭೂಮಾಪನದವರು ನೆಟ್ಟದ್ದು ಅದು. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಗಡಿಕಲ್ಲುಗಳಿರುತ್ತವೆ. ಈ ಎರಡೂ ಹೇಳುವುದು ‘ಇಲ್ಲಿಯವರೆಗೆ ನಿನ್ನದು, ಇಲ್ಲಿಂದಾಚೆ ಇನ್ನೊಬ್ಬರದು’ ಎಂಬ ಮಾತನ್ನು.

ಮಹಾ ಸರ್ವೆಯ ಗುರುತು ಯಾರ ಗಡಿಯನ್ನೂ ಹೇಳುವುದಿಲ್ಲ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ತ್ರಿಕೋನ ಠಾಣೆಯ ಗುರುತು. ಇದು ಸುತ್ತಲ ಗುಡ್ಡಗಳು ಕಾಣುವಂಥ ನೆತ್ತಿಯಲ್ಲೇ ಇರುತ್ತದೆ. ಬಂಡೆಯಿದ್ದರೆ ಬಂಡೆಯ ಮೇಲೇ ವೃತ್ತ ಮತ್ತು ಚುಕ್ಕೆ ಕೊರೆಯುತ್ತಿದ್ದರು. ಇಲ್ಲದಿದ್ದರೆ ಗುರುತಿನ ಕಲ್ಲೊಂದನ್ನು ನೆಲದಲ್ಲಿ ಹೂತು, ಅದರ ನೇರ ಮೇಲೆ ಗಾರೆಯ ಕಂಬ ಕಟ್ಟಿ, ಕಂಬದ ತಲೆಯ ಮೇಲೆ ಇನ್ನೊಂದು ಗುರುತು ಇಡುತ್ತಿದ್ದರು. ಮೇಲಿನದು ಹಾಳಾದರೂ ಕೆಳಗಿನದು ಉಳಿಯಲಿ ಎಂಬ ಮುನ್ನೆಚ್ಚರಿಕೆ ಇದು. ಈ ಚುಕ್ಕೆ ಹೇಳುವುದು ಭೂಮಿಯ ಮೇಲೆ ಆ ಜಾಗದ ಅಕ್ಷಾಂಶ, ರೇಖಾಂಶ.

ಎರಡನೆಯದು ಬೆಂಚ್ ಮಾರ್ಕ್. ಇದು ಹೇಳುವುದು ಸಮುದ್ರ ಮಟ್ಟದಿಂದ ಎತ್ತರವನ್ನು. ಇದಕ್ಕೆ ಗುಡ್ಡದ ನೆತ್ತಿ ಬೇಕಿಲ್ಲ. ಹಳೆಯ ರಸ್ತೆಯ ಸೇತುವೆ, ಮೋರಿ, ಬಾವಿಯ ಕಟ್ಟೆ, ಬಂಗಲೆಯ ಮೆಟ್ಟಿಲು, ದೇವಸ್ಥಾನದ ಜಗಲಿ, ಹೀಗೆ ಬೇಗ ಅಲುಗಾಡದ ಕಡೆಯೆಲ್ಲ ಇದನ್ನು ಕೆತ್ತಿದ್ದಾರೆ. ಜಿ.ಟಿ.ಎಸ್. ಜೊತೆಗೆ ಬಿ.ಎಂ. ಎಂಬ ಅಕ್ಷರಗಳೂ ಇದ್ದರೆ ಅದು ಬೆಂಚ್ ಮಾರ್ಕ್.

ಬೆಂಗಳೂರಿನಿಂದ ಮಂಗಳೂರಿಗೆ

ಈ ಮಹಾ ಸರ್ವೆಯ ಬೇರು ಇರುವುದು ಕನ್ನಡ ನಾಡಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಮೈಸೂರು ಸೀಮೆಯನ್ನು ತಿಳಿದುಕೊಳ್ಳುವ ಆತುರ ಕಂಪನಿ ಸರ್ಕಾರಕ್ಕೆ ಬಂತು. ಬುಕಾನನ್ ಊರೂರು ಸುತ್ತಿ ಬೆಳೆ, ಕಸುಬು, ಜನಜೀವನಗಳ ವಿವರ ಬರೆದುಕೊಂಡ. ಕಾಲಿನ್ ಮೆಕೆಂಜಿ ಸೀಮೆಯ ನಕ್ಷೆ ಮಾಡಿಸಿದ. ಅದೇ ಯುದ್ಧದಲ್ಲಿ ಹೋರಾಡಿದ್ದ 33ನೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಮುಂದಿಟ್ಟ ಯೋಜನೆ ಬೇರೆಯೇ ಆಗಿತ್ತು. ಪರ್ಯಾಯ ದ್ವೀಪವನ್ನು ಕಡಲಿನಿಂದ ಕಡಲಿಗೆ ತ್ರಿಕೋನಗಳಿಂದ ಹೆಣೆದು ಅಳೆಯಬೇಕು, ಅದರಿಂದ ಭೂಮಿಯ ಆಕಾರವೇ ಎಷ್ಟೆಂದು ಲೆಕ್ಕ ಹಾಕಬೇಕು ಎಂಬುದು ಅವನ ಹಂಬಲ.

ತ್ರಿಕೋನದ ಲೆಕ್ಕ ಶಾಲೆಯಲ್ಲಿ ಕಲಿತವರಿಗೆಲ್ಲ ಗೊತ್ತಿರುವಂಥದ್ದೇ. ಒಂದು ಬಾಹುವಿನ ಉದ್ದ, ಅದರ ಎರಡು ತುದಿಗಳ ಕೋನ ತಿಳಿದರೆ ಉಳಿದೆರಡು ಬಾಹುಗಳನ್ನು ಅಳೆಯದೆಯೇ ಹೇಳಬಹುದು. ಹಾಗೆ ಸಿಕ್ಕ ಬಾಹುವಿನ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಆದ್ದರಿಂದ ನೆಲದ ಮೇಲೆ ಸರಪಣಿ ಹಿಡಿದು ನಿಜವಾಗಿ ಅಳೆಯಬೇಕಾದದ್ದು ಮೊದಲ ಗೆರೆಯನ್ನು ಮಾತ್ರ. ಅದೇ ಆಧಾರ ರೇಖೆ. ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಇಂಥ ಒಂದು ರೇಖೆಯನ್ನು ಅಳೆದ. ಅದರ ಉದ್ದ ಸುಮಾರು 7.4 ಮೈಲಿ. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಣಿಯಿಂದ. ಬಿಸಿಲಿಗೆ ಉಕ್ಕು ಹಿಗ್ಗುವುದೆಂದು ಪ್ರತಿಸಲವೂ ಉಷ್ಣಮಾಪಕ ನೋಡಿ ಲೆಕ್ಕ ತಿದ್ದಬೇಕಿತ್ತು.

ಮಹಾ ಸರ್ವೆಯ ಅಧಿಕೃತ ಆರಂಭವೆಂದು ಹೇಳುವುದು 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನಡೆದ ಆಧಾರ ರೇಖೆಯ ಅಳತೆಯನ್ನು. ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಯಂತ್ರ ಇಂಗ್ಲೆಂಡಿನಿಂದ ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತ್ತು. ಅದು ಯುದ್ಧದ ಸಾಮಗ್ರಿಯಲ್ಲ, ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಫ್ರೆಂಚರು ಅದನ್ನು ಗೌರವದಿಂದ ಮದ್ರಾಸಿಗೆ ತಲುಪಿಸಿದರು. ಅರ್ಧ ಟನ್ ತೂಗುತ್ತಿದ್ದ ಆ ಯಂತ್ರವನ್ನು ಜನರೇ ಹೊತ್ತು ಗುಡ್ಡ ಹತ್ತಿಸಬೇಕಿತ್ತು.

ತ್ರಿಕೋನಗಳ ಸರಣಿ ಬೆಂಗಳೂರನ್ನು ದಾಟಿ, ಘಟ್ಟದ ನೆತ್ತಿಗಳನ್ನು ಹಿಡಿದು, ಕೆಲವೇ ವರ್ಷಗಳಲ್ಲಿ ಮಂಗಳೂರಿನ ಕಡಲನ್ನು ಮುಟ್ಟಿತು. ಫಲಿತಾಂಶ ನಕ್ಷೆಗಾರರನ್ನು ಬೆಚ್ಚಿಬೀಳಿಸಿತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಲ್ಲಿಯವರೆಗಿನ ನಕ್ಷೆಗಳು ಹೇಳುತ್ತಿದ್ದವು. ಅಳೆದಾಗ ಸಿಕ್ಕಿದ್ದು ಸುಮಾರು 360 ಮೈಲಿ! ನಕ್ಷೆಯ ಮೇಲಿದ್ದ 40 ಮೈಲಿ ನೆಲ ನಿಜವಾಗಿ ಇರಲೇ ಇಲ್ಲ.

ಲ್ಯಾಂಬ್ಟನ್ 1823ರಲ್ಲಿ ಕೆಲಸದ ದಾರಿಯಲ್ಲೇ ಹಿಂಗಣಘಾಟಿನಲ್ಲಿ ತೀರಿಕೊಂಡ. ಜಾರ್ಜ್ ಎವರೆಸ್ಟ್ ಆ ಕೆಲಸವನ್ನು ಹಿಮಾಲಯದ ತಪ್ಪಲಿಗೆ ಕೊಂಡೊಯ್ದ. ಇವರ ಹೆಸರು ಉಳಿಯಿತು. ಆದರೆ ಪೊದೆ ಕಡಿದು ದಾರಿ ಮಾಡಿದವರು, ಯಂತ್ರ ಹೊತ್ತವರು, ದೂರದ ಗುಡ್ಡದಲ್ಲಿ ದಿನಗಟ್ಟಲೆ ಬಾವುಟ ಹಿಡಿದು ಕಾದವರು, ಜ್ವರ ಬಂದು ಸತ್ತವರು ಬಹುಪಾಲು ಹೆಸರಿಲ್ಲದೇ ಹೋದರು. ಅವರು ಬಿಟ್ಟುಹೋದ ಸಹಿ ಎಂದರೆ ಆ ಕಲ್ಲುಗಳೇ.

ಎತ್ತರಕ್ಕೆ ಕಡಲೇ ಸೊನ್ನೆ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಯಾವ ಸಮುದ್ರ? ಯಾವ ಹೊತ್ತಿನ ಮಟ್ಟ? ಸಮುದ್ರ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ದಿನಕ್ಕೆರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರು. ಮಳೆಗಾಲದ ಕಡಲೇ ಬೇರೆ, ಬೇಸಿಗೆಯ ಕಡಲೇ ಬೇರೆ. ಆದ್ದರಿಂದ ಬಂದರುಗಳಲ್ಲಿ ಉಬ್ಬರ ಮಾಪಕಗಳನ್ನಿಟ್ಟು, ಹಗಲು ರಾತ್ರಿ ನೀರಿನ ಏರಿಳಿತವನ್ನು ವರ್ಷಗಟ್ಟಲೆ ಬರೆದುಕೊಂಡು, ಸರಾಸರಿ ತೆಗೆದು ಅದನ್ನೇ ಸೊನ್ನೆ ಎಂದು ಹಿಡಿದರು.

ದೇಶದ ಎತ್ತರಗಳ ಜಾಲವನ್ನು 1909ರಲ್ಲಿ ಲೆಕ್ಕಹಾಕಿ ಹೊಂದಿಸಿದಾಗ ಇಂಥ ಒಂಬತ್ತು ಕಡೆಯ ಸಮುದ್ರ ಮಟ್ಟವನ್ನು ಆಧಾರವಾಗಿ ತೆಗೆದುಕೊಂಡರು. ಕರಾಚಿ, ಮುಂಬಯಿ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸು, ವಿಶಾಖಪಟ್ಟಣ, ಒರಿಸ್ಸಾ ತೀರದ ಫಾಲ್ಸ್ ಪಾಯಿಂಟ್. ಒಂಬತ್ತನೆಯದು ನಮ್ಮ ಕಾರವಾರ. ಆ ಒಂಬತ್ತರಲ್ಲಿ ಕರಾಚಿ 1947ರಲ್ಲಿ ಬೇರೆ ದೇಶದ ಪಾಲಾಯಿತು. ಬೇರೆ ಬೇರೆ ಬಂದರುಗಳ ಸರಾಸರಿ ಮಟ್ಟ ನಿಜವಾಗಿ ಒಂದೇ ಅಲ್ಲ, ಅಲ್ಪ ಸ್ವಲ್ಪ ವ್ಯತ್ಯಾಸವಿದೆ ಎಂಬುದೂ ಮುಂದೆ ಸ್ಪಷ್ಟವಾಯಿತು. ಆದರೂ ಹಲವು ತಲೆಮಾರುಗಳ ಕಾಲ ದೇಶದ ನಕ್ಷೆಗಳಲ್ಲಿನ ಎತ್ತರಗಳು ನಿಂತದ್ದು ಈ ಒಂಬತ್ತು ಸೊನ್ನೆಗಳ ಮೇಲೆ.

ಕಡಲಿನ ಸೊನ್ನೆಯನ್ನು ಒಳನಾಡಿಗೆ ಒಯ್ದ ಕೆಲಸ ಬಹಳ ನಿಧಾನದ್ದು. ಮಟ್ಟದ ಯಂತ್ರವನ್ನು ನಡುವೆ ಇಟ್ಟು, ಹಿಂದೊಂದು ಮುಂದೊಂದು ಅಳತೆಗೋಲು ನಿಲ್ಲಿಸಿ, ಎರಡರ ವ್ಯತ್ಯಾಸ ಓದಬೇಕು. ಮತ್ತೆ ಕೆಲವು ಮಾರು ಮುಂದೆ ಹೋಗಿ ಅದನ್ನೇ ಮಾಡಬೇಕು. ಹೀಗೆ ನೂರಾರು ಮೈಲಿ. ದಾರಿಯಲ್ಲಿ ಅಲ್ಲಲ್ಲಿ ಗುರುತು ಕೆತ್ತಿ ಎತ್ತರವನ್ನು ದಾಖಲಿಸಿ ಮುಂದೆ ಸಾಗಿದರು. ಕಾಲುದಾರಿಯಲ್ಲಿ ಸಿಗುವ ಬೆಂಚ್ ಮಾರ್ಕ್ ಅಂಥ ಒಂದು ನಡಿಗೆಯ ಹೆಜ್ಜೆ ಗುರುತು.

ಉಪಗ್ರಹದ ಕಾಲದಲ್ಲಿ ಏಕೆ ಬೇಕು?

ಈಗ ಕಿಸೆಯಲ್ಲಿರುವ ಫೋನು ಅಕ್ಷಾಂಶ, ರೇಖಾಂಶ ಹೇಳುತ್ತದೆ. ಸರ್ವೆ ಆಫ್ ಇಂಡಿಯಾ ದೇಶದಾದ್ಯಂತ ಸ್ಥಾಪಿಸಿರುವ ಉಪಗ್ರಹ ಆಧಾರಿತ ಠಾಣೆಗಳ ಜಾಲದಿಂದ ಕೆಲವೇ ಸೆಂಟಿಮೀಟರುಗಳ ನಿಖರತೆ ಸಿಗುತ್ತದೆ. ಹಾಗಿರುವಾಗ ಪೊದೆಯೊಳಗಿನ ಹಳೆಯ ಕಲ್ಲು ಇದ್ದರೇನು, ಹೋದರೇನು?

ಉತ್ತರ ಇರುವುದು ಆ ಕಲ್ಲಿನ ವಯಸ್ಸಿನಲ್ಲಿ. ಇಂದಿನ ಯಂತ್ರ ಇಂದು ನೆಲ ಎಲ್ಲಿದೆ ಎಂದು ಹೇಳಬಲ್ಲದು. ನೂರೈವತ್ತು ವರ್ಷಗಳ ಹಿಂದೆ ಎಲ್ಲಿತ್ತು ಎಂದು ಹೇಳಲಾರದು. ಅದನ್ನು ಹೇಳಬಲ್ಲದ್ದು ಅಂದು ಅಳೆದು ಬರೆದಿಟ್ಟ, ಇಂದಿಗೂ ಕದಲದೆ ಕೂತ ಕಲ್ಲು ಮಾತ್ರ.

1897ರ ಜೂನ್‌ನಲ್ಲಿ ಅಸ್ಸಾಮಿನಲ್ಲಿ ಮಹಾ ಭೂಕಂಪವಾಯಿತು. ಅದಕ್ಕೆ ಮೊದಲೇ ಅಳೆದಿದ್ದ ತ್ರಿಕೋನ ಠಾಣೆಗಳನ್ನು ಭೂಕಂಪದ ನಂತರ ಮತ್ತೆ ಅಳೆದರು. ನೂರು ವರ್ಷ ಕಳೆದ ಮೇಲೆ ವಿಜ್ಞಾನಿಗಳು ಆ ಹಳೆಯ ಅಂಕಿಗಳನ್ನೇ ಮತ್ತೆ ಲೆಕ್ಕಕ್ಕೆ ಹಿಡಿದು, ಶಿಲ್ಲಾಂಗ್ ಪ್ರಸ್ಥಭೂಮಿಯ ಉತ್ತರದ ಅಂಚು ಆಗ ಕನಿಷ್ಠ 11 ಮೀಟರ್ ಮೇಲೆದ್ದಿತ್ತೆಂದೂ, ಅದಕ್ಕೆ ಕಾರಣವಾದ ಬಿರುಕು ನೆಲದಡಿ ಅಡಗಿದೆಯೆಂದೂ 2001ರಲ್ಲಿ ಪ್ರಕಟಿಸಿದರು.

ದಕ್ಷಿಣದಲ್ಲೂ ಇಂಥ ಪ್ರಶ್ನೆ ಕೇಳಲಾಗಿದೆ. 1993ರಲ್ಲಿ ಲಾತೂರಿನ ಬಳಿ ಭೂಕಂಪವಾದಾಗ ‘ಗಟ್ಟಿ ನೆಲ’ ಎಂಬ ನಂಬಿಕೆಗೇ ಪೆಟ್ಟು ಬಿದ್ದಿತ್ತು. 1994ರಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡವೊಂದು ದಕ್ಷಿಣ ಭಾರತದ ಹಳೆಯ ಜಿ.ಟಿ.ಎಸ್. ಗುರುತುಗಳನ್ನು ಹುಡುಕಿ, ಅವುಗಳ ಮೇಲೆ ಜಿ.ಪಿ.ಎಸ್. ಉಪಕರಣ ಇಟ್ಟು ಮತ್ತೆ ಅಳೆಯಿತು. 1860ರ ದಶಕದ ಅಳತೆಗೂ ಅಂದಿನ ಅಳತೆಗೂ ಹೋಲಿಸಿದಾಗ, ಸುಮಾರು 130 ವರ್ಷಗಳಲ್ಲಿ ಈ ನೆಲ ಹಿಗ್ಗಿದ್ದು, ಕುಗ್ಗಿದ್ದು ತೀರಾ ಅತ್ಯಲ್ಪ ಎಂದು ಕಂಡುಬಂತು. ಯಾರಾದರೂ ಆ ಗುರುತುಗಳನ್ನು ಕಿತ್ತಿದ್ದರೆ ಈ ಉತ್ತರ ಸಿಗುತ್ತಿರಲಿಲ್ಲ.

ಕಡಲು ಏರುತ್ತಿರುವ ಈ ಕಾಲದಲ್ಲಿ ಕರಾವಳಿಯ ಗುರುತುಗಳ ಮಹತ್ವ ಇನ್ನೂ ಹೆಚ್ಚು. ತೀರದಲ್ಲಿ ನೀರು ಮೇಲೆ ಬಂದಂತೆ ಕಂಡರೆ ಏರಿದ್ದು ಕಡಲೋ, ಕುಸಿದದ್ದು ನೆಲವೋ ಎಂದು ತೀರ್ಮಾನಿಸಲು ನೆಲದ ಹಳೆಯ ಎತ್ತರ ಗೊತ್ತಿರಬೇಕು.

ಕಲ್ಲು ಸಿಕ್ಕರೆ

ಈ ಗುರುತುಗಳಿಗೆ ಶತ್ರುಗಳು ಹಲವು. ರಸ್ತೆ ಅಗಲವಾದಾಗ ಹಳೆಯ ಮೋರಿ, ಸೇತುವೆಗಳ ಜೊತೆ ಅವುಗಳ ಮೇಲಿನ ಬೆಂಚ್ ಮಾರ್ಕ್ ಹೋಗುತ್ತದೆ. ಕಲ್ಲಿನ ಕೋರೆಗೆ ಗುಡ್ಡದ ತಲೆಯೇ ಹೋಗುತ್ತದೆ. ವೃತ್ತ, ಚುಕ್ಕೆ ಕಂಡವರು ಅಡಿಯಲ್ಲಿ ನಿಧಿ ಇದೆಯೆಂದು ಅಗೆಯುತ್ತಾರೆ. ಅಗೆದವರಿಗೆ ಸಿಗುವುದು ಇನ್ನೊಂದು ಚುಕ್ಕೆಯ ಕಲ್ಲು ಮಾತ್ರ.

ಪ್ರೀತಿಯಿಂದಲೂ ಹಾನಿಯಾಗಬಹುದು. ‘ಇಲ್ಲೇ ಬಿದ್ದು ಹಾಳಾಗುವುದು ಬೇಡ’ ಎಂದು ಕಲ್ಲನ್ನು ಎತ್ತಿ ಶಾಲೆಯ ಅಂಗಳಕ್ಕೋ ವಸ್ತುಸಂಗ್ರಹಾಲಯಕ್ಕೋ ತಂದಿಟ್ಟರೆ ಕಲ್ಲು ಉಳಿಯುತ್ತದೆ, ಲೆಕ್ಕ ಅಳಿಯುತ್ತದೆ. ಶಾಸನದ ಕಲ್ಲನ್ನು ಬೇರೆಡೆ ಇಟ್ಟರೂ ಅದರ ಅಕ್ಷರ ಓದಬಹುದು. ಸರ್ವೆಯ ಕಲ್ಲು ಒಂದು ಗೇಣು ಸರಿದರೂ ಅದರ ಮಾತು ಸುಳ್ಳಾಗುತ್ತದೆ. ಅದರ ಬೆಲೆ ಕಲ್ಲಿನಲ್ಲಿಲ್ಲ, ಕಲ್ಲು ಇರುವ ಜಾಗದಲ್ಲಿದೆ.

ಆದ್ದರಿಂದ ನಡೆಯುವವರು ಮಾಡಬೇಕಾದದ್ದು ಸುಲಭ. ಅಗೆಯಬಾರದು, ಅಲುಗಾಡಿಸಬಾರದು, ಬಣ್ಣ ಬಳಿಯಬಾರದು. ಅಕ್ಷರಗಳನ್ನು ಓದಿ ಬರೆದುಕೊಂಡು, ಫೋಟೊ ತೆಗೆದು, ಜಾಗವನ್ನು ಗುರುತಿಸಿಕೊಂಡು, ತಾಲ್ಲೂಕಿನ ಭೂಮಾಪನ ಕಚೇರಿಗೋ ಬೆಂಗಳೂರಿನಲ್ಲಿರುವ ಸರ್ವೆ ಆಫ್ ಇಂಡಿಯಾ ಕಚೇರಿಗೋ ತಿಳಿಸಿದರೆ ಸಾಕು. ಸರ್ಕಾರಿ ಅಧಿಕಾರಿಗಳು ನೆಟ್ಟ ಗುರುತನ್ನು ಕೀಳುವುದು, ಸರಿಸುವುದು ಶಿಕ್ಷಾರ್ಹ ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 434ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲೂ ಒಂದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಕಾನೂನಿನ ಭಯಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಗುಡ್ಡ ಹತ್ತಿ ಚುಕ್ಕೆ ಕೊರೆದವರು ತಮ್ಮ ಕಾಲದ ಅಳತೆ ಮುಗಿಸಿ ಇಳಿದುಹೋದರು. ಮುಂದೆ ಯಾರು ಬರುತ್ತಾರೆ, ಯಾವ ಯಂತ್ರ ತರುತ್ತಾರೆ, ಏನು ಕೇಳುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆದರೂ ಒಂದು ಕಲ್ಲನ್ನು ಮೇಲೆ, ಒಂದನ್ನು ಕೆಳಗೆ ಇಟ್ಟುಹೋದರು. ಇನ್ನು ನೂರು ವರ್ಷದ ನಂತರ ಬರುವವರಿಗೂ ಅದು ಅಲ್ಲೇ ಸಿಗಬೇಕಾದರೆ, ಇಂದು ಆ ದಾರಿಯಲ್ಲಿ ನಡೆಯುವವರು ಅದನ್ನು ಇದ್ದಲ್ಲೇ ಬಿಟ್ಟು ಮುಂದೆ ಸಾಗಬೇಕು.