ಕೈಗಾರಿಕಾ ಹಾಗೂ ವೈದ್ಯಕೀಯ ಅನಿಲಗಳ ಬೇಡಿಕೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ

ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಅವಿಭಜಿತ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ನಾಲ್ಕು ಮುಖ್ಯ ಪಟ್ಟಣಗಳಾದ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾಗೂ ಚಿಂತಾಮಣಿ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ಬರುತ್ತವೆ. ಹಿಂದೆ 234 ಎಂಬ ಸಂಖ್ಯೆಯಿದ್ದ ಈ ಹೆದ್ದಾರಿಯು ಮಧುಗಿರಿಯ ಕಡೆಯಿಂದ ಬಂದು ಮುಳಬಾಗಿಲಿನ ಕಡೆಗೆ ಸಾಗುತ್ತದೆ. ಆದ್ದರಿಂದ ಅನಿಲ ಸರಬರಾಜಿನ ದೃಷ್ಟಿಯಿಂದ ಈ ನಾಲ್ಕು ಪಟ್ಟಣಗಳನ್ನು ಒಂದೇ ಮಾರುಕಟ್ಟೆಯೆಂದು ಪರಿಗಣಿಸುವುದು ಸೂಕ್ತ.

ರೇಷ್ಮೆ, ಹಾಲು, ದ್ರಾಕ್ಷಿ, ಹೂವು ಮತ್ತು ತರಕಾರಿಗೆ ಹೆಸರಾದ ಈ ಪ್ರದೇಶದಲ್ಲಿ ಸಿಲಿಂಡರು ಅನಿಲಗಳ ಬಳಕೆ ಮೇಲ್ನೋಟಕ್ಕೆ ಕಡಿಮೆಯೆಂದು ತೋರಬಹುದು. ವಾಸ್ತವದಲ್ಲಿ ಬೇಡಿಕೆಯ ಪ್ರಮಾಣ ಸಣ್ಣದಾದರೂ ಅದರ ಬಗೆಗಳು ಹಲವು, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದು ದಿನದ ವಿಳಂಬವನ್ನೂ ತಾಳಲಾರವು. ಈ ಅಂಶವನ್ನು ಆಸ್ಪತ್ರೆಗಳ ಮುಖ್ಯಸ್ಥರು, ಕಾರ್ಯಾಗಾರಗಳ ಮಾಲೀಕರು ಹಾಗೂ ಅನಿಲ ಭರ್ತಿ ಘಟಕ ಸ್ಥಾಪಿಸಲು ಆಸಕ್ತಿಯುಳ್ಳ ಉದ್ಯಮಶೀಲರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶವಾಗಿದೆ.

ಅನಿಲಗಳ ಮೂಲ

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ ಮತ್ತು ಶೇ. 1ಕ್ಕಿಂತ ಸ್ವಲ್ಪ ಕಡಿಮೆ ಆರ್ಗಾನ್ ಇರುತ್ತವೆ. ಗಾಳಿಯನ್ನು ಅತಿಯಾಗಿ ತಣಿಸಿ ದ್ರವವಾಗಿಸಿ, ಕುದಿಯುವ ಬಿಂದುಗಳ ವ್ಯತ್ಯಾಸವನ್ನು ಆಧರಿಸಿ ಈ ಮೂರನ್ನೂ ಬೇರ್ಪಡಿಸಲಾಗುತ್ತದೆ. ಆಮ್ಲಜನಕವು ಮೈನಸ್ 183, ಆರ್ಗಾನ್ ಮೈನಸ್ 186 ಹಾಗೂ ಸಾರಜನಕವು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತವೆ. ಈ ವಿಧಾನದ ದೊಡ್ಡ ಘಟಕಗಳಿಗೆ ಅಪಾರ ವಿದ್ಯುತ್ ಬೇಕಾಗುವುದರಿಂದ ಅವು ಸಾಮಾನ್ಯವಾಗಿ ಉಕ್ಕಿನ ಕಾರ್ಖಾನೆಗಳ ಮಗ್ಗುಲಲ್ಲಿ ಸ್ಥಾಪನೆಯಾಗಿರುತ್ತವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಇದಕ್ಕೆ ಪ್ರಮುಖ ಉದಾಹರಣೆ.

ಒಂದು ಲೀಟರ್ ದ್ರವ ಆಮ್ಲಜನಕವು ಆವಿಯಾದಾಗ ಸುಮಾರು 860 ಲೀಟರ್ ಅನಿಲವಾಗುತ್ತದೆ. ಆದುದರಿಂದ ದೂರದ ಸಾಗಣೆಯು ದ್ರವರೂಪದಲ್ಲಿ ಟ್ಯಾಂಕರುಗಳ ಮೂಲಕ ನಡೆಯುತ್ತದೆ. ಭರ್ತಿ ಘಟಕಗಳಲ್ಲಿ ದ್ರವವನ್ನು ಆವಿಯಾಗಿಸಿ ಸಿಲಿಂಡರುಗಳಿಗೆ ತುಂಬಲಾಗುತ್ತದೆ. ಸಣ್ಣ ಪಟ್ಟಣದ ಬಳಕೆದಾರನಿಗೆ ತಲುಪುವುದು ಈ ಸಿಲಿಂಡರು ಮಾತ್ರ.

ಬೇಡಿಕೆಯ ಕ್ಷೇತ್ರಗಳು

1. ಆಸ್ಪತ್ರೆಗಳು: ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳು, ಖಾಸಗಿ ನರ್ಸಿಂಗ್ ಹೋಮ್‌ಗಳು ಹಾಗೂ ಆಂಬ್ಯುಲೆನ್ಸ್‌ಗಳಿಗೆ ಆಮ್ಲಜನಕವು ನಿತ್ಯದ ಅವಶ್ಯಕತೆ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಮತ್ತು ಉದರದರ್ಶಕ ಶಸ್ತ್ರಚಿಕಿತ್ಸೆಗೆ ಇಂಗಾಲದ ಡೈಆಕ್ಸೈಡ್ ಬೇಕಾಗುತ್ತವೆ. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಗಿದೆ. ಮುದ್ದೇನಹಳ್ಳಿಯ ಶ್ರೀ ಮಧುಸೂದನ್ ಸಾಯಿ ವೈದ್ಯಕೀಯ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯು 2023ರ ಮಾರ್ಚ್ 25ರಂದು ಉದ್ಘಾಟನೆಗೊಂಡಿದೆ. ಇದರಿಂದಾಗಿ ಈ ಭಾಗದಲ್ಲಿ ವೈದ್ಯಕೀಯ ಅನಿಲಗಳ ಅವಶ್ಯಕತೆ ಹಿಂದಿಗಿಂತ ಹೆಚ್ಚಿದೆ.

2. ಪಶುಸಂಗೋಪನೆ: ಹಸುಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯ ನಳಿಕೆಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿ ಇಡಬೇಕು. ಪಾತ್ರೆಯನ್ನು ಮುಚ್ಚಿಟ್ಟಿದ್ದರೂ ದ್ರವವು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಆವಿಯಾಗುತ್ತಲೇ ಇರುತ್ತದೆ. ಮರುಭರ್ತಿ ತಡವಾಗಿ ನಳಿಕೆಗಳು ಒಮ್ಮೆ ಬೆಚ್ಚಗಾದರೆ, ಪುನಃ ತಣಿಸಿದರೂ ಉಪಯೋಗಕ್ಕೆ ಬರುವುದಿಲ್ಲ. ಹೈನುಗಾರಿಕೆಯೇ ಜೀವನಾಧಾರವಾದ ಹಳ್ಳಿಗಳಲ್ಲಿ ಒಂದು ಹಸುವಿನ ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಆ ನಷ್ಟವನ್ನು ಭರಿಸುವವನು ರೈತ.

3. ಲೋಹದ ಕೆಲಸ: ಗ್ರಿಲ್ ಮತ್ತು ಗೇಟು ತಯಾರಿಸುವ ವೆಲ್ಡಿಂಗ್ ಅಂಗಡಿಗಳು, ಟ್ರಾಕ್ಟರು ಹಾಗೂ ಕೊಳವೆಬಾವಿ ಯಂತ್ರಗಳ ದುರಸ್ತಿ ಕಾರ್ಯಾಗಾರಗಳು ಮತ್ತು ಕಲ್ಲು ಕ್ವಾರಿಗಳು ಆಮ್ಲಜನಕ ಹಾಗೂ ಅಸಿಟಿಲೀನ್‌ ಅನ್ನು ಬಳಸುತ್ತವೆ. ಹಾಲಿನ ಉದ್ಯಮಕ್ಕೆ ಬೇಕಾದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಹಾಗೂ ಕೊಳವೆಗಳ ಬೆಸುಗೆಗೆ ಆರ್ಗಾನ್ ಅಗತ್ಯ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶ ಹಾಗೂ ತೊಂಡೇಬಾವಿಯ ಸಿಮೆಂಟ್ ಘಟಕದಂತಹ ಸ್ಥಳಗಳಲ್ಲಿ ಯಂತ್ರಗಳ ನಿರ್ವಹಣೆಗೆ ಈ ಅನಿಲಗಳು ಬೇಕು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯು ಸಿಲಿಂಡರು ಅನಿಲವನ್ನು ನೇರವಾಗಿ ಹೆಚ್ಚು ಬಳಸುವುದಿಲ್ಲ. ಆದರೆ ಬಾಯ್ಲರ್, ಉಗಿ ಕೊಳವೆ ಮತ್ತು ಬಿಚ್ಚಾಣಿಕೆ ಯಂತ್ರಗಳ ದುರಸ್ತಿ ನಿಂತರೆ ಘಟಕವೂ ನಿಲ್ಲುತ್ತದೆ.

4. ಹಣ್ಣು ಮಾಗಿಸುವಿಕೆ: ಮಾವು ಬೆಳೆಯುವ ಚಿಂತಾಮಣಿ ಭಾಗಕ್ಕೆ ಈ ಅಂಶ ವಿಶೇಷವಾಗಿ ಅನ್ವಯಿಸುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹೊರಡುವ ಅಸಿಟಿಲೀನ್ ಬಳಸಿ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಅದಕ್ಕೆ ಬದಲಾಗಿ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ ಮೀರದಂತೆ ಎಥಿಲೀನ್ ಅನಿಲವನ್ನು ಮಾಗಿಸುವ ಕೊಠಡಿಗಳಲ್ಲಿ ಬಳಸಲು ಅವಕಾಶವಿದೆ. ಕಾನೂನುಬದ್ಧ ಮಾರ್ಗ ಹತ್ತಿರದಲ್ಲಿ ದೊರೆಯುವಂತಾದರೆ ನಿಷಿದ್ಧ ಮಾರ್ಗದ ಬಳಕೆ ತಾನಾಗಿ ಕಡಿಮೆಯಾಗುತ್ತದೆ.

5. ಪ್ರಯೋಗಾಲಯಗಳು: ಹಣ್ಣು, ತರಕಾರಿ ಹಾಗೂ ಹಾಲಿನಲ್ಲಿ ಕೀಟನಾಶಕದ ಅಂಶವನ್ನು ಪತ್ತೆಹಚ್ಚುವ ಉಪಕರಣಗಳಿಗೆ ಅತಿಶುದ್ಧ ಹೀಲಿಯಂ, ಜಲಜನಕ ಮತ್ತು ಸಾರಜನಕ ಬೇಕಾಗುತ್ತವೆ. ಪ್ರಮಾಣ ಅತ್ಯಲ್ಪ, ಬೆಲೆ ಅಧಿಕ. ಇವನ್ನು ಸ್ಥಳೀಯವಾಗಿ ಉತ್ಪಾದಿಸುವುದು ಲಾಭದಾಯಕವಲ್ಲ. ವಿತರಕರ ಮೂಲಕ ತರಿಸುವುದೇ ಯೋಗ್ಯ.

2021ರ ಅನುಭವ

ಕೋವಿಡ್ ಎರಡನೇ ಅಲೆಯ ಸಂದರ್ಭದಲ್ಲಿ ಅನಿಲ ಮಾರುಕಟ್ಟೆಯ ದುರ್ಬಲ ಕೊಂಡಿಗಳು ಇಡೀ ದೇಶಕ್ಕೆ ಕಾಣಿಸಿದವು. 2021ರ ಏಪ್ರಿಲ್ 22ರಿಂದ, ವಿನಾಯಿತಿ ಪಡೆದ ಕೆಲವು ಕೈಗಾರಿಕೆಗಳನ್ನು ಹೊರತುಪಡಿಸಿ, ಆಮ್ಲಜನಕದ ಕೈಗಾರಿಕಾ ಬಳಕೆಯನ್ನು ನಿಷೇಧಿಸಲಾಯಿತು. ಸಾರಜನಕ ಮತ್ತು ಆರ್ಗಾನ್ ಟ್ಯಾಂಕರುಗಳನ್ನು ಆಮ್ಲಜನಕದ ಸಾಗಣೆಗೆ ಮಾರ್ಪಡಿಸಲು ಅನುಮತಿ ನೀಡಲಾಯಿತು. ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಒದಗಿಸುವಂತೆ ಮೇ 5ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಮೇ 11ರಂದು ಟಾಟಾನಗರದಿಂದ ಹೊರಟ ಆಕ್ಸಿಜನ್ ಎಕ್ಸ್‌ಪ್ರೆಸ್ ರೈಲು ಬೆಂಗಳೂರಿನ ವೈಟ್‌ಫೀಲ್ಡ್‌ಗೆ 120 ಟನ್ ತಂದಿತು.

ಇದೇ ಅವಧಿಯಲ್ಲಿ, ಮೇ 2 ಮತ್ತು 3ರ ನಡುವೆ, ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಇಪ್ಪತ್ತಕ್ಕೂ ಹೆಚ್ಚು ಮಂದಿ ರೋಗಿಗಳು ಪ್ರಾಣ ಕಳೆದುಕೊಂಡರು. ಆ ಆಸ್ಪತ್ರೆಗೆ ಸಿಲಿಂಡರುಗಳು ಮೈಸೂರಿನಿಂದ ಬರಬೇಕಾಗಿತ್ತು. ರಾಜ್ಯದಲ್ಲಿ ಆಮ್ಲಜನಕ ಉತ್ಪಾದನೆಯಾಗುತ್ತಿದ್ದರೂ, ಬೇಕಾದ ಹೊತ್ತಿಗೆ ಬೇಕಾದ ಹಾಸಿಗೆಯ ಬಳಿ ಅದು ಇರುವುದು ಬೇರೆಯೇ ವಿಷಯ ಎಂಬುದನ್ನು ಈ ಘಟನೆ ಮನವರಿಕೆ ಮಾಡಿಕೊಟ್ಟಿತು. ನೆರೆಯ ನಗರದ ಭರ್ತಿ ಘಟಕಗಳನ್ನು ನೆಚ್ಚಿಕೊಂಡಿರುವ ಯಾವುದೇ ಜಿಲ್ಲೆಯೂ ಈ ಪಾಠವನ್ನು ಮರೆಯುವಂತಿಲ್ಲ.

ಬೇಡಿಕೆಯನ್ನು ಅಂದಾಜಿಸುವ ಕ್ರಮ

ಸಾಮಾನ್ಯವಾಗಿ ಜಂಬೊ ಎಂದು ಕರೆಯಲಾಗುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರ್ ಪಡೆಯುವ ಒಬ್ಬ ರೋಗಿಗೆ ಇದು 12 ಗಂಟೆಯೂ ಬಾರದು. ನಿಮಿಷಕ್ಕೆ 60 ಲೀಟರ್ ಹರಿಸುವ ಉಪಕರಣಕ್ಕೆ 2 ಗಂಟೆಯೂ ಸಾಲದು.

20 ಹಾಸಿಗೆಗಳ ವಾರ್ಡೊಂದರಲ್ಲಿ ಪ್ರತಿಯೊಬ್ಬರಿಗೂ ನಿಮಿಷಕ್ಕೆ 5 ಲೀಟರ್ ನೀಡಲಾಗುತ್ತಿದೆ ಎಂದು ಭಾವಿಸೋಣ. ದಿನಕ್ಕೆ 1,44,000 ಲೀಟರ್, ಅಂದರೆ ಸುಮಾರು 21 ಜಂಬೊ ಸಿಲಿಂಡರುಗಳು ಬೇಕು. ಖಾಲಿ ಸಿಲಿಂಡರು ಹೋಗಿ, ಸರದಿಯಲ್ಲಿ ನಿಂತು, ಭರ್ತಿಯಾಗಿ ಮರಳಲು 2 ದಿನ ಹಿಡಿದರೆ, ಬಳಕೆಯಲ್ಲಿ 21, ದಾರಿಯಲ್ಲಿ 42, ಒಂದು ದಿನದ ಕಾಯ್ದಿಟ್ಟ ದಾಸ್ತಾನು 21, ಹೀಗೆ ಒಟ್ಟು 84 ಸಿಲಿಂಡರುಗಳು ಅವಶ್ಯವಾಗುತ್ತವೆ. ಅದೇ ಭರ್ತಿಯು ಸಮೀಪದಲ್ಲೇ ಅರ್ಧ ದಿನದಲ್ಲಿ ಆಗುವಂತಿದ್ದರೆ 53 ಸಾಕು. ಬಳಕೆಯಾಗುವ ಅನಿಲದ ಪ್ರಮಾಣ ಎರಡೂ ಕಡೆ ಒಂದೇ. ವ್ಯತ್ಯಾಸವಿರುವುದು ರಸ್ತೆಯ ಮೇಲಿನ ಸಮಯದಲ್ಲಿ.

ಆದ್ದರಿಂದ ಮಾರುಕಟ್ಟೆಯ ಸಮೀಕ್ಷೆಯಲ್ಲಿ ತಿಂಗಳಿಗೆ ಎಷ್ಟು ಅನಿಲ ಮಾರಾಟವಾಗುತ್ತದೆ ಎಂಬುದರ ಜೊತೆಗೆ ಈ ಮೂರು ಪ್ರಶ್ನೆಗಳಿಗೂ ಉತ್ತರ ಪಡೆಯತಕ್ಕದ್ದು: ಚಲಾವಣೆಯಲ್ಲಿರುವ ಸಿಲಿಂಡರುಗಳೆಷ್ಟು, ಅವು ತಿರುಗಿ ಬರಲು ಹಿಡಿಯುವ ಸಮಯವೆಷ್ಟು, ಬಳಕೆದಾರನ ಬಳಿ ಎಷ್ಟು ದಿನದ ದಾಸ್ತಾನಿದೆ.

ಪರ್ಯಾಯಗಳು ಮತ್ತು ಅವುಗಳ ಮಿತಿ

ದ್ರವ ಆಮ್ಲಜನಕದ ಟ್ಯಾಂಕ್: ಒಂದು ಟನ್ ದ್ರವ ಆಮ್ಲಜನಕವು 100ಕ್ಕೂ ಹೆಚ್ಚು ಜಂಬೊ ಸಿಲಿಂಡರುಗಳಿಗೆ ಸಮ. ಮೇಲ್ಕಂಡ ವಾರ್ಡಿಗೆ ಇದು ಸುಮಾರು 5 ದಿನ ಬರುತ್ತದೆ. ಆದರೆ ಬಳಕೆ ಕಡಿಮೆಯಿದ್ದಲ್ಲಿ ದ್ರವವು ಆವಿಯಾಗಿ ವ್ಯರ್ಥವಾಗುವುದರಿಂದ, ನಿರಂತರ ಬಳಕೆಯುಳ್ಳ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಇದು ಸೂಕ್ತ.

ಸ್ಥಳದಲ್ಲೇ ಉತ್ಪಾದನೆ: 2021ರಿಂದೀಚೆಗೆ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಪಿ.ಎಸ್.ಎ. ಘಟಕಗಳು ಸ್ಥಾಪನೆಯಾದವು. ಇವು ಗಾಳಿಯಲ್ಲಿನ ಸಾರಜನಕವನ್ನು ಜಿಯೊಲೈಟ್ ಕಣಗಳಲ್ಲಿ ಹಿಡಿದಿಟ್ಟು, ಶೇ. 93ರ ಆಸುಪಾಸಿನ ಆಮ್ಲಜನಕ ನೀಡುತ್ತವೆ. ನಿಮಿಷಕ್ಕೆ 500 ಲೀಟರ್ ಸಾಮರ್ಥ್ಯದ ಘಟಕವು ದಿನಕ್ಕೆ ಸುಮಾರು 100 ಜಂಬೊ ಸಿಲಿಂಡರುಗಳಷ್ಟು ಅನಿಲ ಉತ್ಪಾದಿಸಬಲ್ಲದು. ಆದರೆ ವಿದ್ಯುತ್ ಹೋದರೆ ಉತ್ಪಾದನೆ ನಿಲ್ಲುತ್ತದೆ. ನಿಯಮಿತ ನಿರ್ವಹಣೆಯಿಲ್ಲದಿದ್ದರೆ ಶುದ್ಧತೆ ಕುಸಿಯುತ್ತದೆ. ಆದ್ದರಿಂದ ಘಟಕವಿರುವ ಆಸ್ಪತ್ರೆಯೂ ತುಂಬಿದ ಸಿಲಿಂಡರುಗಳ ದಾಸ್ತಾನನ್ನು ಕೈಬಿಡಬಾರದು.

ಲೋಹ ಕತ್ತರಿಸುವ ಕೆಲಸಕ್ಕೆ ಸಾಮಾನ್ಯವಾಗಿ ಶೇ. 99.5ರಷ್ಟು ಶುದ್ಧ ಆಮ್ಲಜನಕ ಬೇಕು. ಶುದ್ಧತೆ ಇಳಿದಂತೆ ಕತ್ತರಿಸುವ ವೇಗವೂ ಕುಗ್ಗುತ್ತದೆ. ಹಾಗಾಗಿ ಆಸ್ಪತ್ರೆಯ ಪಿ.ಎಸ್.ಎ. ಘಟಕದ ಅನಿಲವು ಕಾರ್ಯಾಗಾರಗಳ ಬೇಡಿಕೆಯನ್ನು ಪೂರೈಸಲಾರದು.

ಸ್ಥಳೀಯ ಭರ್ತಿ ಘಟಕ: ದ್ರವ ಆಮ್ಲಜನಕ ಹಾಗೂ ಸಾರಜನಕವನ್ನು ಟ್ಯಾಂಕರಿನಲ್ಲಿ ತರಿಸಿ, ಇಲ್ಲಿಯೇ ಸಿಲಿಂಡರುಗಳಿಗೆ ತುಂಬಿ, ನಾಲ್ಕು ಪಟ್ಟಣಗಳಿಗೂ ಒಂದೇ ಮಾರ್ಗದಲ್ಲಿ ವಿತರಿಸುವ ವ್ಯವಸ್ಥೆಯು ಗಾಳಿಯನ್ನು ಬೇರ್ಪಡಿಸುವ ಘಟಕಕ್ಕಿಂತ ಕಡಿಮೆ ಬಂಡವಾಳ ಬೇಡುತ್ತದೆ. ಆಸ್ಪತ್ರೆಗಳ ಬೇಡಿಕೆ ಏರಿಳಿತದ್ದು. ಕಾರ್ಯಾಗಾರಗಳ ಬೇಡಿಕೆ ಅದಕ್ಕಿಂತ ಸಮನಾದದ್ದು. ಎರಡನ್ನೂ ಒಟ್ಟಿಗೆ ಪೂರೈಸಿದಾಗ ಮಾತ್ರ ಇಂತಹ ಘಟಕವು ವರ್ಷವಿಡೀ ನಡೆಯಬಲ್ಲದು. ತುರ್ತು ಸಂದರ್ಭದಲ್ಲಿ ಅದರ ಪೂರ್ಣ ಸಾಮರ್ಥ್ಯ ಆಸ್ಪತ್ರೆಗಳಿಗೆ ಒದಗುತ್ತದೆ.

ಕಾನೂನು ಮತ್ತು ಸುರಕ್ಷತೆ

ಸಿಲಿಂಡರುಗಳ ಭರ್ತಿ ಹಾಗೂ ದಾಸ್ತಾನು 2016ರ ಅನಿಲ ಸಿಲಿಂಡರು ನಿಯಮಗಳಿಗೆ ಒಳಪಟ್ಟಿರುತ್ತದೆ. ಪರವಾನಗಿ ನೀಡುವ ಪ್ರಾಧಿಕಾರವು ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ವೈದ್ಯಕೀಯ ಆಮ್ಲಜನಕವು ಕಾನೂನಿನ ದೃಷ್ಟಿಯಲ್ಲಿ ಔಷಧವಾಗಿರುವುದರಿಂದ, ಅದನ್ನು ತುಂಬುವವರು ಔಷಧ ತಯಾರಿಕಾ ಪರವಾನಗಿಯನ್ನೂ ಪಡೆಯತಕ್ಕದ್ದು.

ಬಳಕೆದಾರರು ಈ ಕೆಳಕಂಡ ಅಂಶಗಳನ್ನು ಪಾಲಿಸುವುದು:

1. ವೈದ್ಯಕೀಯ ಆಮ್ಲಜನಕದ ಸಿಲಿಂಡರಿನ ಮೈ ಕಪ್ಪು, ಹೆಗಲು ಬಿಳಿ. ನೈಟ್ರಸ್ ಆಕ್ಸೈಡ್ ಸಿಲಿಂಡರು ನೀಲಿ, ಅಸಿಟಿಲೀನ್ ಸಿಲಿಂಡರು ಕಂದುಗೆಂಪು. ಬಣ್ಣದೊಂದಿಗೆ ಹೆಸರಿನ ಚೀಟಿಯನ್ನೂ ಓದಿದ ನಂತರವೇ ಜೋಡಿಸುವುದು.
2. ಕಾರ್ಯಾಗಾರದ ಸಿಲಿಂಡರನ್ನು ಯಾವ ಕಾರಣಕ್ಕೂ ರೋಗಿಗೆ ನೇರವಾಗಿ ಬಳಸಬಾರದು.
3. ಆಮ್ಲಜನಕದ ವಾಲ್ವಿಗೆ ಎಣ್ಣೆ ಅಥವಾ ಗ್ರೀಸ್ ತಾಗಿಸಬಾರದು. ಇದರಿಂದ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.
4. ಸಿಲಿಂಡರುಗಳನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿಯುವುದು. ಆಮ್ಲಜನಕ ಮತ್ತು ಅಸಿಟಿಲೀನ್ ದಾಸ್ತಾನನ್ನು ಪ್ರತ್ಯೇಕವಾಗಿಡುವುದು.
5. ದ್ರವ ಸಾರಜನಕವನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಇಡಬಾರದು. ಬಣ್ಣ, ವಾಸನೆಗಳಿಲ್ಲದ ಈ ಅನಿಲವು ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಿಸುತ್ತದೆ.
6. ಸಿಲಿಂಡರಿನ ಮೇಲೆ ಒತ್ತಿರುವ ಪರೀಕ್ಷಾ ದಿನಾಂಕವನ್ನು ಗಮನಿಸಿ, ಅವಧಿ ಮೀರಿದ್ದನ್ನು ಹಿಂದಿರುಗಿಸುವುದು.

ಉಪಸಂಹಾರ

ಈ ನಾಲ್ಕು ಪಟ್ಟಣಗಳ ಅನಿಲ ಮಾರುಕಟ್ಟೆಯು ದೊಡ್ಡ ಕಾರ್ಖಾನೆಯೊಂದನ್ನು ಬಯಸುವಂತಹದ್ದಲ್ಲ. ಸಮಯಕ್ಕೆ ತಲುಪುವ ಸರಬರಾಜು, ಸಾಕಷ್ಟು ಸಿಲಿಂಡರುಗಳು ಹಾಗೂ ಬಳಕೆದಾರರ ಬಳಿ ಸದಾ ಇರಬೇಕಾದ ದಾಸ್ತಾನು ಇಲ್ಲಿನ ನಿಜವಾದ ಅವಶ್ಯಕತೆಗಳು. ಪ್ರತಿ ಆಸ್ಪತ್ರೆಯೂ ತನ್ನ ಎಲ್ಲ ಹಾಸಿಗೆಗಳೂ ತುಂಬಿದ ದಿನದ ಬಳಕೆಯನ್ನು ಮೇಲ್ಕಂಡ ಕ್ರಮದಲ್ಲಿ ಲೆಕ್ಕಹಾಕಿ, ಲಭ್ಯವಿರುವ ಸಿಲಿಂಡರುಗಳೊಂದಿಗೆ ಹೋಲಿಸಿ ನೋಡುವುದು ಅಪೇಕ್ಷಣೀಯ. ಭರ್ತಿ ಅಥವಾ ವಿತರಣಾ ಘಟಕ ಸ್ಥಾಪಿಸಲಿಚ್ಛಿಸುವ ಉದ್ಯಮಶೀಲರು ಯೋಜನಾ ವರದಿಯೊಂದಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.