ಈ ರಜೆಗೆ ಎಲ್ಲಿಗೆ ಹೋಗೋಣ?

ಮಕ್ಕಳೇ, ಯುಗಾದಿ ಬಂತು, ಪರೀಕ್ಷೆ ಮುಗಿಯಿತು ಎಂದರೆ ಮನೆಮನೆಯಲ್ಲೂ ಒಂದೇ ಮಾತು: ರಜೆಗೆ ಎಲ್ಲಿಗೆ ಹೋಗೋಣ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನವೂ ನೆರವಾಗುತ್ತದೆ. ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಹಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ಮೊದಲ ವಾರದಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಜೋಗಕ್ಕೆ ಹೋಗಿದ್ದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡು, ಅಂತ್ಯಾಕ್ಷರಿ. ಬೆಳಿಗ್ಗೆ ಬಸ್ಸಿಳಿದವರೇ ಎಲ್ಲರೂ ಕಂಬಿಗಳ ಬಳಿಗೆ ಓಡಿದರು. ಎದುರಿಗೆ ಕಾಣಿಸಿದ್ದು ದೊಡ್ಡ ಕಪ್ಪು ಬಂಡೆ, ಅದರ ಮೇಲೆ ದಾರದಂತೆ ಇಳಿಯುತ್ತಿದ್ದ ಒಂದೆರಡು ಎಳೆ ನೀರು. "ಸಾರ್, ಜಲಪಾತ ಎಲ್ಲಿದೆ?" ಎಂದು ಒಬ್ಬ ಹುಡುಗಿ ಕೇಳಿದಳು. ಅವಳ ಪ್ರವಾಸದ ಹಣವನ್ನು ಅವಳ ತಾಯಿ ಕೂಲಿ ದುಡ್ಡಿನಲ್ಲಿ ಉಳಿಸಿ ಕೊಟ್ಟಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ತಪ್ಪು ಜೋಗದ್ದಲ್ಲ, ನನ್ನದು. ಹೊರಡುವ ಮೊದಲು ನಾನು ನಾಲ್ಕು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಿತ್ತು.

ಪ್ರಶ್ನೆ 1: ಅಲ್ಲಿಗೆ ನೀರು ಬರುವುದು ಯಾವಾಗ?

ಜೋಗದಲ್ಲಿ ಧುಮುಕುವುದು ಶರಾವತಿ ನದಿ. ಅದಕ್ಕೆ ನೀರು ಕೊಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟಗಳಲ್ಲಿ ಸುರಿಯುವ ಮುಂಗಾರು ಮಳೆ. ಇನ್ನೊಂದು ಕಾರಣವೂ ಇದೆ. ಜಲಪಾತಕ್ಕಿಂತ ಮೇಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಇದೆ. ಅಲ್ಲಿ ಸಂಗ್ರಹಿಸಿದ ನೀರು ದೊಡ್ಡ ಕೊಳವೆಗಳ ಮೂಲಕ ಹರಿದು ಟರ್ಬೈನ್‌ಗಳನ್ನು ತಿರುಗಿಸಿ ವಿದ್ಯುತ್ ಉತ್ಪಾದಿಸುತ್ತದೆ. ಹಾಗಾಗಿ 253 ಮೀಟರ್ ಎತ್ತರದಿಂದ ಬೀಳಬೇಕಾದ ನೀರಿನ ಬಹುಪಾಲು ಬೇಸಿಗೆಯಲ್ಲಿ ಬಂಡೆಯ ಮೇಲೆ ಬೀಳುವುದಿಲ್ಲ, ನಮ್ಮ ಮನೆಯ ದೀಪಗಳಲ್ಲಿ ಬೆಳಗುತ್ತದೆ! ಜಲಪಾತ ನೋಡಬೇಕೆಂದರೆ ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ.

ಪ್ರಶ್ನೆ 2: ಆ ಜಾಗ ಎಷ್ಟು ಎತ್ತರದಲ್ಲಿದೆ?

ಬೇಸಿಗೆಯಲ್ಲಿ ಜನ ಬೆಟ್ಟಗಳಿಗೆ ಏಕೆ ಹೋಗುತ್ತಾರೆ? ತಂಪಾಗಿರುತ್ತದೆ ಎಂದು ತಾನೇ? ಆದರೆ ಬೆಟ್ಟ ಸೂರ್ಯನಿಗೆ ಹತ್ತಿರವಲ್ಲವೇ? ಅಲ್ಲಿ ಸೆಕೆ ಹೆಚ್ಚಬೇಕಿತ್ತಲ್ಲ?

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಒಂದೆರಡು ಕಿಲೋಮೀಟರ್ ಮೇಲೇರಿದರೆ ಆ ದೂರದಲ್ಲಿ ಏನೂ ವ್ಯತ್ಯಾಸವಾಗದು. ಬಿಸಿಲು ಮೊದಲು ಕಾಯಿಸುವುದು ನೆಲವನ್ನು, ಗಾಳಿಗೆ ಬಿಸಿ ತಗಲುವುದು ಹೆಚ್ಚಾಗಿ ನೆಲದಿಂದ. ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೆ ವಾಯುಭಾರ ಕಡಿಮೆ, ಆದ್ದರಿಂದ ಅದು ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟು ಬೆರಳು ಹಿಡಿದು ನೋಡಿ, ತಣ್ಣಗೆ ತಗಲುತ್ತದೆ. ಬೆಟ್ಟದ ಮೇಲೂ ಇದೇ ತತ್ವ.

ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ವ್ಯತ್ಯಾಸ ಸುಮಾರು 1500 ಮೀಟರ್. ಅಂದರೆ ರಾಯಚೂರಿನಲ್ಲಿ 40 ಡಿಗ್ರಿ ಇರುವ ದಿನ ಮುಳ್ಳಯ್ಯನಗಿರಿಯ ಮೇಲೆ ಸುಮಾರು 30 ಡಿಗ್ರಿ ಇರಬಹುದು. ಮೋಡ, ಗಾಳಿ, ಕಾಡುಗಳಿಂದಾಗಿ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಪ್ರಶ್ನೆ 3: ಸಮುದ್ರ ಎಷ್ಟು ಹತ್ತಿರದಲ್ಲಿದೆ?

ಮಂಗಳೂರು ಸಮುದ್ರ ಮಟ್ಟದಲ್ಲೇ ಇದೆ. ಆದರೂ ಬೇಸಿಗೆಯಲ್ಲಿ ರಾಯಚೂರಿನಷ್ಟು ಕಾಯುವುದಿಲ್ಲ. ಇದಕ್ಕೆ ಕಾರಣ ನೀರು. ಒಂದೇ ತೂಕದ ನೀರನ್ನೂ ಗ್ರಾನೈಟ್ ಕಲ್ಲನ್ನೂ ಒಂದು ಡಿಗ್ರಿ ಬಿಸಿ ಮಾಡಲು, ನೀರಿಗೆ ಸುಮಾರು ಐದು ಪಟ್ಟು ಹೆಚ್ಚು ಶಾಖ ಬೇಕು. ಮಧ್ಯಾಹ್ನ ಕಡಲತೀರದ ಮರಳು ಕಾಲು ಸುಡುತ್ತದೆ, ಪಕ್ಕದ ನೀರು ತಂಪಾಗಿರುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಕಡಲಿನ ತಂಪು ಗಾಳಿ ದಡಕ್ಕೆ ಬೀಸುತ್ತದೆ. ಇದೇ ಕಡಲಗಾಳಿ.

ಆದರೆ ಅಲ್ಲಿ ಮೈಯೆಲ್ಲ ಅಂಟಂಟು. ಬೆವರು ಆವಿಯಾಗುವಾಗ ನಮ್ಮ ಮೈಯಿಂದ ಶಾಖ ತೆಗೆದುಕೊಳ್ಳುತ್ತದೆ, ಅದರಿಂದ ನಮಗೆ ತಂಪು. ಕರಾವಳಿಯ ಗಾಳಿಯಲ್ಲಿ ನೀರಾವಿ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಉಷ್ಣತಾಮಾಪಕ ತೋರಿಸುವ ಅಂಕಿ ಒಂದನ್ನೇ ನೋಡಿದರೆ ಸಾಲದು, ತೇವಾಂಶವನ್ನೂ ನೋಡಬೇಕು. ಕಡಲಿಗೆ ಹೋಗುವುದಾದರೆ ಬೆಳಿಗ್ಗೆ, ಸಂಜೆ ಹೊರಗೆ ಸುತ್ತಾಡಿ, ಆಗಾಗ ನೀರು ಕುಡಿಯಿರಿ. ಕಡಲಿರಲಿ, ಹೊಳೆಯಿರಲಿ, ಊರಿನ ಕಲ್ಲುಗಣಿಯ ಗುಂಡಿಯಿರಲಿ, ದೊಡ್ಡವರು ಜೊತೆಗಿಲ್ಲದೆ ನೀರಿಗೆ ಇಳಿಯಲೇಬೇಡಿ.

ಪ್ರಶ್ನೆ 4: ಈ ತಿಂಗಳು ಅಲ್ಲಿ ಯಾರಿದ್ದಾರೆ?

ಬೇಸಿಗೆಯಲ್ಲೇ ನೋಡಬೇಕಾದ ಜಾಗಗಳೂ ಇವೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಲ್ಲಿ ಬಂದು, ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಿಗಳು ಬೆಳೆದು ಹಾರಲು ಕಲಿತ ಮೇಲೆ, ಬೇಸಿಗೆಯ ಕೊನೆಗೆ, ಹೊರಟುಬಿಡುತ್ತವೆ. ಊರಿನವರು ಈ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಜೋಗದ ಪಾಠದ ಮರುವರ್ಷ ಮಾರ್ಚ್‌ನಲ್ಲಿ ನಾನು ಮಕ್ಕಳನ್ನು ಕರೆದೊಯ್ದದ್ದು ಇಲ್ಲಿಗೇ. ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿ ಕೊಕ್ಕರೆಯೊಂದು ಗೂಡಿನ ಮೇಲೆ ರೆಕ್ಕೆ ಹರಡಿ ನಿಂತಿತ್ತು. ಆ ನೆರಳಿನಲ್ಲಿ ಮರಿಗಳು ಮುದುಡಿ ಕೂತಿದ್ದವು. "ಸಾರ್, ಅದು ಕೊಡೆ ಹಿಡಿದಿದೆ!" ಎಂದು ಒಬ್ಬ ಹುಡುಗ ಪಿಸುಗುಟ್ಟಿದ. ಯಾರೂ ಗಲಾಟೆ ಮಾಡಲಿಲ್ಲ. ಅರ್ಧ ಗಂಟೆ ಎಲ್ಲರೂ ಹಾಗೆಯೇ ನೋಡುತ್ತಾ ನಿಂತಿದ್ದರು.

ನೀವೇ ಮಾಡಿ

ನೋಟ್‌ಬುಕ್ಕಿನಲ್ಲಿ ಐದು ಕಂಬಸಾಲುಗಳ ಪಟ್ಟಿ ಬರೆಯಿರಿ. ಮೊದಲನೆಯದರಲ್ಲಿ ಊರಿನ ಹೆಸರು, ಉಳಿದವುಗಳಲ್ಲಿ ಈ ನಾಲ್ಕು ಪ್ರಶ್ನೆಗಳ ಉತ್ತರ. ನಿಮಗೆ ನೋಡಬೇಕೆನಿಸಿದ ಮೂರು ಊರುಗಳನ್ನು ಆರಿಸಿ, ಭೂಪಟ ನೋಡಿ, ಶಿಕ್ಷಕರನ್ನೂ ಹಿರಿಯರನ್ನೂ ಕೇಳಿ ಪಟ್ಟಿ ತುಂಬಿಸಿ. ನಂತರ ಅದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೆ ತೋರಿಸಿ.

ಈ ವರ್ಷ ಎಲ್ಲಿಗೂ ಹೋಗಲಾಗದಿದ್ದರೆ ಬೇಸರ ಬೇಡ. ನಾಲ್ಕನೆಯ ಪ್ರಶ್ನೆಯನ್ನು ನಿಮ್ಮ ಊರಿಗೇ ಕೇಳಿ. ಹೊಂಗೆ ಯಾವ ದಿನ ಚಿಗುರಿತು, ಬೇವು ಯಾವಾಗ ಹೂ ಬಿಟ್ಟಿತು, ಕೆರೆಗೆ ಯಾವ ಹಕ್ಕಿ ಬಂತು ಎಂದು ದಿನಾಂಕ ಹಾಕಿ ಬರೆದಿಡಿ. ಶಾಲೆ ತೆರೆದಾಗ ತರಗತಿಯಲ್ಲಿ ಅದನ್ನು ಓದಿ ಹೇಳಿ.