ಗೋಡೆಯ ಮರೆಯಲ್ಲಿ ಇಬ್ಬರು

“ಅಲ್ಲೋ, ಅಂವಾ ಅಷ್ಟ್ ದಾಂಡಿಗ ಅದಾನ, ಕೈಯಾಗ ಬಂದೂಕ ಐತಿ, ಮತ್ಯಾಕ ಗ್ವಾಡಿ ಹಿಂದ ಕುಂತಾನ?”

2007ರ ಬೇಸಿಗೆಯಲ್ಲಿ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅವ್ವ ಕೇಳಿದ ಪ್ರಶ್ನೆಯಿದು. ಅವಳ ಧಾರಾವಾಹಿಯ ಹೊತ್ತನ್ನು ನಾವು ಕಸಿದುಕೊಂಡಿದ್ದೆವು. ಟಿವಿಯ ಪರದೆ ಅಡ್ಡಲಾಗಿ ಎರಡು ಹೋಳಾಗಿತ್ತು. ಮೇಲಿನದು ನನ್ನದು, ಕೆಳಗಿನದು ಹುಬ್ಬಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದಿದ್ದ ದೊಡ್ಡಪ್ಪನ ಮಗನದು. ಆಟದ ಹೆಸರು ಗೇರ್ಸ್ ಆಫ್ ವಾರ್. ಅಮೆರಿಕದ ಎಪಿಕ್ ಗೇಮ್ಸ್ ತಯಾರಿಸಿದ ಈ ಆಟ 2006ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆಂದು ಬಂದಿತ್ತು. ಆ ಯಂತ್ರವನ್ನು ನನ್ನ ಮೊದಲ ನೌಕರಿಯ ಉಳಿತಾಯದಲ್ಲಿ ಕೊಂಡಿದ್ದೆ; ಅಪ್ಪ ಒಂದು ವಾರ ನನ್ನೊಡನೆ ಮಾತಾಡಿರಲಿಲ್ಲ.

ಯುವ ಮಿತ್ರರೆ, ಈ ಜಾತಿಯ ಆಟವನ್ನು ನಿಮಗೆ ವಿವರಿಸುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದಂತೆ. ಆದರೆ ಈ ಸಂಚಿಕೆಯನ್ನು ನಿಮಗಿಂತ ಮೊದಲು ಕೈಗೆತ್ತಿಕೊಳ್ಳುವವರು ನಿಮ್ಮ ಅಪ್ಪ ಅಮ್ಮಂದಿರಲ್ಲವೆ? ಅವರಿಗಾಗಿ ಎರಡು ಮಾತು. ಇಲ್ಲಿ ನೀವು ಸೈನಿಕನ ಕಣ್ಣಿನಿಂದ ನೋಡುವುದಿಲ್ಲ, ಅವನ ಹೆಗಲ ಹಿಂದಿನಿಂದ ನೋಡುತ್ತೀರಿ. ಅವನು ಗೋಡೆಗೆ ಬೆನ್ನು ಹಚ್ಚಿ ಕುಳಿತಾಗ ಆಚೆ ಏನಿದೆಯೆಂದು ಅವನಿಗೆ ಕಾಣದು, ನಿಮಗೆ ಕಾಣುತ್ತದೆ. ಒಂದು ಬಗೆಯ ಮೋಸವೇ ಅನ್ನಿ, ಆದರೆ ಆಟದ ಸೊಗಸೆಲ್ಲ ಆ ಮೋಸದಲ್ಲಿದೆ. ಬಯಲಿನಲ್ಲಿ ನಿಂತು ಗುಂಡು ಹಾರಿಸುತ್ತೇನೆಂದರೆ ಕೆಲವೇ ಕ್ಷಣಗಳಲ್ಲಿ ಸಾವು. ಪೆಟ್ಟು ಬಿದ್ದಾಗ ಪರದೆಯ ಮೇಲೆ ಕೆಂಪು ಚಕ್ರವೊಂದು ಮೂಡುತ್ತದೆ. ಮರೆಗೆ ಸರಿದು ಸುಮ್ಮನೆ ಕುಳಿತರೆ ಅದು ತಾನಾಗಿ ಮಾಸುತ್ತದೆ. ಅವ್ವನ ಪ್ರಶ್ನೆಗೆ ಉತ್ತರ ಇಷ್ಟೇ. ಆಗ ಅದನ್ನು ಕನ್ನಡದಲ್ಲಿ ಹೇಳಲು ನನಗೆ ಬರಲಿಲ್ಲ.

ಮರೆಯ ಆಟ ಗೇರ್ಸ್‌ನಿಂದಲೇ ಹುಟ್ಟಿತೆಂದೇನಲ್ಲ. ಜಪಾನಿನ ನಾಮ್ಕೊ ಕಂಪನಿಯ ಟೈಮ್ ಕ್ರೈಸಿಸ್ ಆಟದಲ್ಲಿ (1995) ಕಾಲ ಬಳಿ ಒಂದು ಪೆಡಲ್ ಇತ್ತು. ತುಳಿದರೆ ಮರೆಯಿಂದ ಹೊರಗೆ, ಬಿಟ್ಟರೆ ಒಳಗೆ. ಅದೇ ಕಂಪನಿಯ ಕಿಲ್ ಸ್ವಿಚ್ (2003) ತಲೆಯೆತ್ತದೆಯೇ ಗೋಡೆಯ ಮೇಲಿಂದ ಬಂದೂಕು ಚಾಚಿ ಕುರುಡಾಗಿ ಹೊಡೆಯುವುದನ್ನು ತೋರಿಸಿತು. ಇವನ್ನೆಲ್ಲ ಅರಗಿಸಿಕೊಂಡು, ಓಟ, ಜಾರುವಿಕೆ, ಅವಿತು ಕೂರುವುದು ಎಲ್ಲವನ್ನೂ ಒಂದೇ ಗುಂಡಿಗೆ ಕಟ್ಟಿದ್ದು ಗೇರ್ಸ್. ಗುಂಡು ತುಂಬುವುದರಲ್ಲೂ ಒಂದು ಕೀಟಲೆ ಇಟ್ಟಿದ್ದರು. ಪಟ್ಟಿಯೊಂದರ ಮೇಲೆ ಗೆರೆ ಓಡುತ್ತದೆ. ಸರಿಯಾದ ಜಾಗಕ್ಕೆ ಬಂದಾಗ ಮತ್ತೆ ಒತ್ತಿದರೆ ಬಂದೂಕು ಬೇಗ ತುಂಬುತ್ತದೆ, ತಪ್ಪಿದರೆ ಸಿಕ್ಕಿಕೊಳ್ಳುತ್ತದೆ. ಅಣ್ಣನಿಗೆ ಅದು ಹತ್ತಕ್ಕೆ ಒಂಬತ್ತು ಸಲ ಸಿಕ್ಕಿಕೊಳ್ಳುತ್ತಿತ್ತು.

ನಂತರದ ನಾಲ್ಕೈದು ವರ್ಷ ಎಲ್ಲರೂ ಸೊಂಟದೆತ್ತರದ ಗೋಡೆ ಕಟ್ಟಿದ್ದೇ ಕಟ್ಟಿದ್ದು. ಖಾಲಿ ಅಂಗಳಕ್ಕೆ ಕಾಲಿಟ್ಟೊಡನೆ ಅಲ್ಲಲ್ಲಿ ಮೊಟಕು ಗೋಡೆಗಳು ಕಂಡರೆ ಮುಗಿಯಿತು, ಇನ್ನೊಂದು ಗಳಿಗೆಗೆ ಕಾಳಗ ಖಂಡಿತ ಎಂದು ಮಕ್ಕಳೂ ಹೇಳಬಲ್ಲವರಾದರು. ಗೇರ್ಸ್‌ನ ಕಥೆಯೂ ಅಂಥ ಘನವಾದದ್ದೇನಲ್ಲ. ಸೆರಾ ಎಂಬ ಗ್ರಹ, ನೆಲದೊಳಗಿಂದ ಎದ್ದುಬರುವ ಲೋಕಸ್ಟ್ ಎಂಬ ಪಡೆ, ಹಲಸಿನ ಬೊಡ್ಡೆಯಂಥ ಕುತ್ತಿಗೆಯ ಸೈನಿಕರು. ರಕ್ತವಂತೂ ಧಾರಾಳ, ಹದಿನೇಳು ದಾಟಿದವರಿಗೆಂದೇ ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಅದು ಸರಿಯಾಗಿಯೇ ಇತ್ತು.

ಆದರೆ ಇಬ್ಬರು ಕೂಡಿ ಆಡಿದರೆ ಅದು ಬೇರೆಯೇ ಆಟ. ಒಬ್ಬ ಮಾರ್ಕಸ್, ಇನ್ನೊಬ್ಬ ಅವನ ಗೆಳೆಯ ಡಾಮ್. ಮಾರ್ಕಸ್ ಸೆರೆಮನೆಯಲ್ಲಿರುವಾಗ ಡಾಮ್ ಬಂದು ಬಾಗಿಲು ತೆರೆಯುವುದರಿಂದಲೇ ಆಟ ಶುರು. ಒಬ್ಬ ನೆಲಕ್ಕೆ ಬಿದ್ದರೆ ಇನ್ನೊಬ್ಬ ಗುಂಡಿನ ಮಳೆಯಲ್ಲೇ ಓಡಿ ಬಂದು ಎಬ್ಬಿಸಬೇಕು. ಬಿದ್ದವನಿಗೆ ತೆವಳಲೂ ಬಾರದು (ಆ ಅನುಕೂಲ ಬಂದದ್ದು 2008ರ ಎರಡನೆಯ ಭಾಗದಲ್ಲಿ). ಸುಮ್ಮನೆ ಮೊಣಕಾಲೂರಿ ಕೂಗುವುದೊಂದೇ ದಾರಿ.

ಕೂಗುವುದು ಯಾವ ಭಾಷೆಯಲ್ಲಿ? ನನ್ನದು ಅಡಿಗೆಮನೆಯ ಕನ್ನಡ. ಊಟ, ನೀರು, ಬಾ, ಹೋಗು, ಸಾಕು. ಗೆಳೆಯರ ನಡುವೆ ಹಿಂದಿ, ಮರಾಠಿ. ಅಣ್ಣನಿಗೋ ಹಿಂದಿ ತಡವರಿಕೆ. ಮೊದಲ ದಿನ ಅವನು “ಮರಿಗ್ ಹೋಗಲೇ, ಮರಿಗ್ ಹೋಗ!” ಎಂದು ಅರಚಿದಾಗ ನಾನು ಪರದೆಯ ಮೇಲೆ ನಾಯಿಮರಿಯನ್ನು ಹುಡುಕುತ್ತ ಸತ್ತೆ. ಅವ್ವ ಲಟ್ಟಣಿಗೆ ಕೆಳಗಿಟ್ಟು ನಕ್ಕಳು. ಮರೆ ಎಂಬ ಮಾತು ಹುಬ್ಬಳ್ಳಿಯ ಬಾಯಲ್ಲಿ ಮರಿಯಾಗುತ್ತದೆಂದು ಅಂದು ತಿಳಿಯಿತು. ತಪ್ಪು ಕನ್ನಡ ಆಡಲು ನಾಚುತ್ತಿದ್ದವನು ನಾನು. ಆದರೆ ಎದುರಿಗೆ ಲೋಕಸ್ಟ್ ಬಂದಾಗ ನಾಚಲು ಪುರಸೊತ್ತೆಲ್ಲಿ? ಬಗ್ಗು, ತಡಿ, ಆಕಡೆ, ಈಕಡೆ, ಹಿಂದ ಬಂದಾನ ನೋಡ, ಎಬ್ಸು ನನ್ನ. ನಾಲ್ಕು ತಿಂಗಳಲ್ಲಿ ಇವೆಲ್ಲ ಯೋಚಿಸದೆ ಬಾಯಿಗೆ ಬರುತ್ತಿದ್ದವು.

ಒಂದು ಸನ್ನಿವೇಶ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬರ್ಸರ್ಕರ್ ಎಂಬ ರಾಕ್ಷಸಿ. ಅವಳಿಗೆ ಕಣ್ಣಿಲ್ಲ, ಸಪ್ಪಳ ಮತ್ತು ವಾಸನೆಯ ಮೇಲೆ ಎರಗುತ್ತಾಳೆ. ಗುಂಡು ತಾಗದು. ಅಷ್ಟು ಹೊತ್ತು ನಮ್ಮನ್ನು ಕಾಪಾಡಿದ ಮರೆಯೆಲ್ಲ ಅವಳ ಮುಂದೆ ಹಪ್ಪಳ. ಅವಳೇ ಬಂದು ಬಾಗಿಲು ಒಡೆಯುವಂತೆ ಸೆಳೆದು, ಒಂದೊಂದಾಗಿ ದಾಟಿಸಿ, ಕೊನೆಗೆ ಬಯಲಿಗೆ ತಂದರೆ ಆಕಾಶದಿಂದ ಬೆಂಕಿ ಇಳಿಸಬಹುದು. ಒಬ್ಬ ಬಾಗಿಲ ಮುಂದೆ ನಿಂತು ಕರೆಯಬೇಕು, ಅವಳು ನುಗ್ಗಿದಾಗ ಕಡೆಯ ಗಳಿಗೆಯಲ್ಲಿ ಹಾರಬೇಕು. ನಾವಿಬ್ಬರೂ ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಪಿಸುಗುಡುತ್ತಿದ್ದೆವು, ನಮ್ಮ ದನಿಯೂ ಅವಳಿಗೆ ಕೇಳೀತೆಂಬಂತೆ. “ನೀ ನಿಲ್ಲ, ನಾ ಕರೀತೀನಿ,” ಅನ್ನುತ್ತಿದ್ದ ಅಣ್ಣ, ಪ್ರತಿ ಸಲವೂ. ಆರನೆಯ ರಾತ್ರಿ ಅವಳನ್ನು ಮುಗಿಸಿದೆವು. ಕೆಳಮನೆಯವರು ಬಾಗಿಲು ಬಡಿದು ಕೇಳಿದರು, ಏನಾಯಿತೆಂದು.

ಇನ್ನೊಂದು ಏರ್ಪಾಡಿತ್ತು. ಅಲ್ಲಲ್ಲಿ ದಾರಿ ಕವಲೊಡೆದು, ಎಡಕ್ಕೋ ಬಲಕ್ಕೋ ಎಂದು ಆಟವೇ ಕೇಳುತ್ತಿತ್ತು. ಒಬ್ಬ ಎಡಕ್ಕೆ ಹೋದರೆ ಇನ್ನೊಬ್ಬ ಬಲಕ್ಕೆ; ಸ್ವಲ್ಪ ದೂರದ ಮೇಲೆ ಮತ್ತೆ ಕೂಡುವುದು.

ಅಣ್ಣನಿಗೆ ಮುಂಬಯಿಯಲ್ಲಿ ಕೆಲಸ ಹತ್ತಲಿಲ್ಲ. ಹುಬ್ಬಳ್ಳಿಗೆ ಮರಳಿ ಅಂಗಡಿ ತೆರೆದ. 2010ರಲ್ಲಿ ಊರಿನ ಮನೆಯ ಪಾಲಿನ ವಿಚಾರದಲ್ಲಿ ಅಪ್ಪ ಮತ್ತು ದೊಡ್ಡಪ್ಪ ಜಗಳವಾಡಿ ಕೋರ್ಟಿನ ಮೆಟ್ಟಿಲು ಹತ್ತಿದರು. ನಾವಿಬ್ಬರೂ ಒಂದು ಮಾತೂ ಜಗಳವಾಡಲಿಲ್ಲ, ಆದರೆ ಫೋನು ಮಾಡುವುದನ್ನು ಬಿಟ್ಟೆವು. ಅವರವರ ಅಪ್ಪನ ಹಿಂದೆ ಅವರವರು ಅಡಗಿ ಕುಳಿತೆವೆನ್ನಿ. 2011ರಲ್ಲಿ ಮೂರನೆಯ ಭಾಗ ಬಂತು. ಅದರಲ್ಲಿ ಡಾಮ್ ಸಾಯುತ್ತಾನೆ. ಗೆಳೆಯರನ್ನು ಉಳಿಸಲು ಇಂಧನದ ಲಾರಿಯನ್ನು ತಾನೇ ನುಗ್ಗಿಸಿಕೊಂಡು ಹೋಗುತ್ತಾನೆ. ನಾನು ಒಬ್ಬನೇ ಆಡುತ್ತಿದ್ದೆ. ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ.

ದಾವೆ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ. ಮಣ್ಣಿಗೆ ಅಪ್ಪ ಹೋಗಲಿಲ್ಲ, ನಾನೂ ಹೋಗಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

2025ರ ಆಗಸ್ಟಿನಲ್ಲಿ ಆ ಮೊದಲ ಆಟವನ್ನೇ ಹೊಸದಾಗಿ ಒಪ್ಪಮಾಡಿ ಗೇರ್ಸ್ ಆಫ್ ವಾರ್ ರೀಲೋಡೆಡ್ ಎಂದು ಹೊರತಂದರು. ಈ ಸಲ ಸೋನಿಯ ಪ್ಲೇಸ್ಟೇಷನ್ 5ಕ್ಕೂ ಬಂತು. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಊರಲ್ಲಿ ಕುಳಿತೂ ಇಬ್ಬರು ಕೂಡಿ ಆಡಬಹುದು. ನನ್ನ ಮಗಳು ಕೇಳಿದಳು, “ಪಪ್ಪಾ, ಎರಡನೇ ಪ್ಲೇಯರ್ ಯಾರು?” ಹದಿನೈದು ವರ್ಷದ ಮೇಲೆ ಹುಬ್ಬಳ್ಳಿಯ ಅಂಗಡಿಯ ನಂಬರಿಗೆ ಫೋನು ಮಾಡಿದೆ. ನಂಬರು ಅದೇ ಇತ್ತು. ನನ್ನ ಹೆಸರು ಹೇಳಿದೆ. ಆಚೆ ಕಡೆ ಗಿರಾಕಿಯ ಮಾತು, ತಕ್ಕಡಿಯ ಸದ್ದು ಕೇಳುತ್ತಿತ್ತು.

“ಎಷ್ಟ್ ಹೊತ್ತ ಕುಂತಿದ್ದೆಲೇ ಮರಿಗೆ,” ಅಂದ ಅಣ್ಣ. ಆಮೇಲೆ, ಮಗನಿಗೆ ಪರೀಕ್ಷೆ ಇದೆ, ಅದು ಮುಗಿಯಲಿ, ಅವನ ಪ್ಲೇಸ್ಟೇಷನ್ ಆಗ ಸಿಗುತ್ತದೆ ಎಂದ. ಬಂದೂಕು ತುಂಬುವ ಗುಂಡಿ ಇನ್ನೂ ಅದೇ ಏನು ಎಂದು ಕೇಳಿದ.